ಸಾಕೆಂದ ಬುದ್ಧ

ಪೇಟೆಯಲ್ಲಿ ನಾಲ್ಕು ದಾರಿ ಕೂಡುವ ಕಡೆ ಇರುವ ವಿಹಾರದ ಬುದ್ಧನಿಗೆ ‘ಸಾಕೆಂದ ಬುದ್ಧ’ ಎಂದು ಹೆಸರು. ಆ ಹೆಸರು ಹೇಗೆ ಬಂತೆಂದು ಕೇಳಿ ನೋಡಿ, ಬಾಗಿಲಲ್ಲಿ ಹೂ ಮಾರುವವಳಿಂದ ಹಿಡಿದು ಚಪ್ಪಲಿ ಕಾಯುವವನವರೆಗೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹೇಳುತ್ತಾರೆ. ಹೇಳುವಾಗ ತಮ್ಮದೂ ಒಂದು ಹಿಡಿ ಸೇರಿಸುತ್ತಾರೆ. ವಿಗ್ರಹದ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿನ್ನದ ರೇಕು ಮೆತ್ತಿದ ಮುರಿದ ಮರದ ತುಂಡೊಂದಿದೆ. ಅದು ಗಾಡಿಯ ಅಚ್ಚು, ಎರಡು ಚಕ್ರಗಳ ನಡುವೆ ಇಡೀ ಭಾರ ಹೊರುವ ಅಡ್ಡಮರ. ಅದಕ್ಕೂ ಜನ ಕೈಮುಗಿಯುತ್ತಾರೆ. ಅದನ್ನು ಮಾಡಿದವನು ಯಾರು ಎಂದು ಮಾತ್ರ ಕೇಳಬೇಡಿ. ‘ಯಾರೋ ಬಡಗಿ’ ಎನ್ನುತ್ತಾರೆ. ಈ ಕತೆ ಆ ಯಾರೋ ಬಡಗಿಯದು. ಪೇಟೆಯವರಿಗೆ ಇದು ರುಚಿಸುವುದಿಲ್ಲ. ರುಚಿಸದಿದ್ದರೆ ಬಿಡಲಿ, ಅವರಿಗೆ ರುಚಿಸುವ ಕತೆ ಅವರ ಹತ್ತಿರ ಇದ್ದೇ ಇದೆಯಲ್ಲ.

ಬಡಗಿಯ ಮನೆ ಇದ್ದದ್ದು ಮೇಲಿನ ಊರಿನಲ್ಲಿ. ಪೇಟೆ ದಾಟಿ ಏರು ಹತ್ತಿದರೆ ಸಿಗುವ ಕೊನೆಯ ಊರು ಅದು. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಗೋಡೆಗೆ ಒರಗಿಸಿದ ಚಕ್ರಗಳು, ಮೂಲೆಯಲ್ಲಿ ಒಣಗಲು ಇಟ್ಟ ಜಾಲಿ ಮರದ ದಿಮ್ಮಿಗಳು, ಕಾಲಿಟ್ಟಲ್ಲೆಲ್ಲ ಮರದ ಹೊಟ್ಟು. ಅವನು ಮಾಡಿದ ಗಾಡಿ ಕೊಂಡವನ ಮೊಮ್ಮಗನ ಕಾಲಕ್ಕೂ ಬರುತ್ತದೆ ಎಂಬ ಮಾತಿತ್ತು. ಅವನು ಆಡುವ ಮಾತು ಮಾತ್ರ ಬಹಳ ಕಡಿಮೆ. ‘ಇವರ ಪಾಲಿನ ಮಾತನ್ನೂ ಇವರ ತಮ್ಮನೇ ಬಾಚಿಕೊಂಡು ಹುಟ್ಟಿದ್ದಾನೆ’ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ತಮ್ಮ ಗಾಡಿ ಹೊಡೆಯುವವನು. ಅಪ್ಪ ತೀರಿಕೊಂಡಾಗ ಅವನಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅಣ್ಣನೇ ಉಣಿಸಿದ, ಬೆಳೆಸಿದ, ದೊಡ್ಡವನಾದ ಮೇಲೆ ಒಂದು ಗಾಡಿ ಮಾಡಿಕೊಟ್ಟು ಎತ್ತು ಕಟ್ಟಿಕೊಟ್ಟ. ಕಲ್ಲನ್ನೂ ಮಾತಾಡಿಸಿ ನಗಿಸುವ ಬಾಯಿ ಅವನದು. ಸಂತೆಗೆ ಹೋದರೆ ಸಾಮಾನಿಗಿಂತ ಸುದ್ದಿಯೇ ಹೆಚ್ಚು ಹೇರಿಕೊಂಡು ಬರುತ್ತಿದ್ದ. ಅಣ್ಣನಿಗಿದ್ದ ಒಬ್ಬಳೇ ಮಗಳು ಪುಟ್ಟಿಗೆ ಚಿಕ್ಕಪ್ಪನೆಂದರೆ ಪ್ರಾಣ. ಗಾಡಿ ಹೊರಟಿತೆಂದರೆ ಅವಳಿಗೆ ಮುಂದಿನ ಜಾಗವೇ ಆಗಬೇಕು.

ಒಂದು ಬೇಸಿಗೆಯಲ್ಲಿ ಜ್ವರ ಬಂದು ಆ ಮಗು ಹೋಯಿತು. ಆಮೇಲೆ ಆ ಮನೆಯಲ್ಲಿ ತಮಾಷೆಯ ಮಾತು ಹುಟ್ಟಲಿಲ್ಲ. ಹೆಂಡತಿ ಬೇಯಿಸಿ ಬಡಿಸುವಳು, ತಾನು ಮಾತ್ರ ಉಂಡ ಶಾಸ್ತ್ರ ಮಾಡುವಳು. ಪುಟ್ಟಿ ಉಣ್ಣುತ್ತಿದ್ದ ಚಿಕ್ಕ ಕಂಚಿನ ಬಟ್ಟಲನ್ನು ಸೀರೆಗಳ ಕೆಳಗೆ ಬಚ್ಚಿಟ್ಟಿದ್ದಳು. ಆಗಾಗ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಅಲ್ಲಿಯೇ ಇಡುವಳು.

ಮೇಲಿನ ಊರಿನವರು ವಿಹಾರ ಕಟ್ಟಿಕೊಂಡಿದ್ದರು, ಒಳಗೆ ಬುದ್ಧ ಇರಲಿಲ್ಲ. ಕಡೆಗೆ ಊರಿನ ಯಜಮಾನ ಮನೆಮನೆಯಿಂದ ಕಂಚು ಕೇಳಿದ. ತಂಬಿಗೆ, ತಟ್ಟೆ, ಸೋರುವ ಹಂಡೆ, ಕಿವಿ ಮುರಿದ ಗಂಟೆ, ಯಾರ ಕೈಗೆ ಏನು ಸಿಕ್ಕಿತೋ ಅದನ್ನು ತಂದು ಸುರಿದರು. ಬಡಗಿಯ ಹೆಂಡತಿ ಎಲ್ಲರ ಹಿಂದೆ ನಿಂತಿದ್ದು, ಕೊನೆಗೆ ಸೆರಗಿನೊಳಗಿಂದ ಆ ಬಟ್ಟಲನ್ನು ತೆಗೆದು ರಾಶಿಯ ಮೇಲೆ ಇಟ್ಟಳು.

“ಇದು ಬೇಡ ಕಣೇ,” ಎಂದ ಬಡಗಿ.

“ಇರ್ಲಿ. ಮನೇಲಿದ್ರೆ ನಾನೊಬ್ಬಳೇ ನೋಡ್ತೀನಿ. ಅಲ್ಲಿದ್ರೆ ಎಲ್ಲರೂ ನೋಡ್ತಾರೆ. ನಮ್ಮ ಬಾಗಿಲು ತೆಗೆದ್ರೆ ವಿಹಾರ ಕಾಣತ್ತಲ್ಲ, ದಿನಾ ಬೆಳಿಗ್ಗೆ ಅವಳ ಮುಖ ನೋಡಿದ ಹಾಗಾಗತ್ತೆ.”

ಪೇಟೆಯವರನ್ನೂ ಕೇಳಿದ್ದರು. ಎಣ್ಣೆ ವರ್ತಕ ಎರಡು ದೀಪ ಕೊಟ್ಟು, ಅದನ್ನೇ ಸಂತೆಯೆಲ್ಲ ಸಾರಿದ್ದ.

ವಿಗ್ರಹ ಎರಕವಾದದ್ದು ದೂರದ ಪಟ್ಟಣದಲ್ಲಿ. ಕುಳಿತ ಬುದ್ಧ, ಆಳೆತ್ತರ. ಲೋಹ ಹರಿಯುವಾಗ ಎಲ್ಲೋ ಗಾಳಿ ಸಿಕ್ಕಿ ತುಟಿಗಳ ನಡುವೆ ಸಣ್ಣ ಸಂದು ಉಳಿದಿತ್ತು. ಎರಕದವನು ಅದನ್ನು ಮುಚ್ಚಲು ಹೊರಟಾಗ ಆ ಪಟ್ಟಣದ ಹಿರಿಯ ಭಿಕ್ಷುಗಳು, ಇರಲಿ ಬಿಡು, ಏನೋ ಹೇಳುವ ಹಾಗಿದೆ ಎಂದರಂತೆ. ಅದನ್ನು ತರಲೆಂದೇ ಬಡಗಿ ಹೊಸ ಗಾಡಿ ಮಾಡಿದ. ಅಚ್ಚಿಗೆ ತನ್ನ ಹತ್ತಿರ ಇದ್ದ ಅತಿ ಹಳೆಯ ಜಾಲಿ ದಿಮ್ಮಿ ತೆಗೆದ. ಕೆತ್ತಿ ಮುಗಿಸಿದ ಮೇಲೆ ಅದರ ಮೇಲೆ ನಿಂತು ಕುಣಿದು ನೋಡಿದ. ಮಾತಿಲ್ಲದ ಆ ಮನುಷ್ಯ ಕುಣಿದದ್ದನ್ನು ಕಂಡು ಊರೆಲ್ಲ ನಕ್ಕಿತು. ದಾರಿಯಲ್ಲಿ ಏನಾದರೂ ಆದರೆ ಬೇಕಾಗುತ್ತದೆಂದು ಉಳಿ, ಸುತ್ತಿಗೆ, ಅಪ್ಪನ ಕಾಲದ ಗರಗಸ ಎಲ್ಲವನ್ನೂ ಚೀಲಕ್ಕೆ ತುಂಬಿ ತಾನೇ ತಮ್ಮನ ಕೈಗೆ ಕೊಟ್ಟ. ತಾನು ಹೋಗಲಿಲ್ಲ. ವಿಹಾರದ ಬಾಗಿಲು ಇನ್ನೂ ಕೂರಿಸಬೇಕಿತ್ತು.

ಬಾಗಿಲು ಕೂರಿಸಿ ಮುಗಿಸುವ ಹೊತ್ತಿಗೆ ಯಜಮಾನ ಏದುಸಿರು ಬಿಡುತ್ತ ಏರು ಹತ್ತಿ ಬಂದ. ಗಾಡಿಯ ಜೊತೆಗೆ ಹೋಗಿದ್ದವರಲ್ಲಿ ಅವನೂ ಒಬ್ಬ.

“ನಿನ್ನ ಅಚ್ಚು ಮುರೀತಪ್ಪ. ಪೇಟೆ ನಡುಮಧ್ಯ.”

ಬಡಗಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. “ಮುರಿಯೋ ಮರ ಅಲ್ಲ ಅದು,” ಎಂದ.

“ಅದನ್ನ ಮರಕ್ಕೆ ಹೇಳು. ನಾವು ಅಲ್ಲಿರಲೂ ಇಲ್ಲ. ಆ ಎಣ್ಣೆಯವನು ಊಟ ಮಾಡ್ಕೊಂಡು ಹೋಗಿ ಅಂತ ಛತ್ರದಲ್ಲಿ ಕೂರಿಸಿದ. ಯಾವತ್ತೂ ಒಂದು ಲೋಟ ನೀರು ಕೊಟ್ಟವನಲ್ಲ, ಇವತ್ತು ಬೇಡ ಬೇಡ ಅಂದ್ರೂ ಬಡಿಸ್ತಾನೆ ಇದ್ದ. ನಿನ್ನ ತಮ್ಮ ಎತ್ತು ನೆರಳಿಗೆ ಕಟ್ಟಿ ಬರ್ತೀನಿ ಅಂತ ಒಬ್ಬನೇ ಗಾಡಿ ಮುಂದೆ ಹೊಡ್ಕೊಂಡು ಹೋದ. ಕೈ ತೊಳೆಯೋ ಹೊತ್ತಿಗೆ ಗಲಾಟೆ. ಈಗ ಪೇಟೆಯವರು ಬುದ್ಧ ಇಲ್ಲೇ ಇರ್ತೀನಿ ಅಂದ, ಏಳಲ್ಲ ಅಂದ ಅಂತಿದ್ದಾರೆ. ಹದಿನಾರು ಜನ ಹಿಡಿದು ಎತ್ತಿದ್ರಂತೆ, ಅಲ್ಲಾಡಲಿಲ್ಲವಂತೆ.”

ಎತ್ತುವವರಿಗೆ ಎತ್ತುವ ಮನಸ್ಸಿದ್ದರೆ ತಾನೆ ಏಳುವುದು? ಆದರೆ ಬಡಗಿ ಅಷ್ಟೆಲ್ಲ ಯೋಚಿಸಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ತನ್ನ ಅಚ್ಚು ಮುರಿದಿದೆ, ಊರಿನ ಬುದ್ಧ ಬೀದಿಯಲ್ಲಿ ಕೂತಿದ್ದಾನೆ. ಇನ್ನೊಂದು ಅಚ್ಚನ್ನು ಹೆಗಲಿಗೇರಿಸಿದ. ಹೆಂಡತಿ ತಾನೂ ಬರುತ್ತೇನೆಂದು ಹೊರಟಳು. ನಾಚಿಕೆಯಿಂದ ತಲೆ ಎತ್ತದೆ ಇಡೀ ಇಳಿಜಾರು ಇಳಿದ.

ನಾಲ್ಕು ದಾರಿ ಕೂಡುವಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಚಕ್ರ ಚರಂಡಿಯ ಕಲ್ಲಿಗೆ ಸಿಕ್ಕಿಕೊಂಡು ಗಾಡಿ ಒಂದು ಕಡೆ ವಾಲಿತ್ತು. ಮೇಲೆ ಬುದ್ಧ, ಅವನ ಮಡಿಲ ತುಂಬ ಆಗಲೇ ಹೂ. ಬಡಗಿ ಯಾರನ್ನೂ ಮಾತಾಡಿಸದೆ ಸೀದಾ ಗಾಡಿಯ ಕೆಳಗೆ ತೂರಿ ಅಂಗಾತ ಮಲಗಿದ.

ಅಚ್ಚು ಚಕ್ರದ ಒಳಮಗ್ಗುಲಲ್ಲಿ ಮುರಿದಿತ್ತು. ಮೇಲಿನ ಅರ್ಧ ನಾರು ನಾರಾಗಿ ಕಿತ್ತು ಬಂದಿತ್ತು. ಕೆಳಗಿನ ಅರ್ಧಕ್ಕೆ ಕೀಲೆಣ್ಣೆಯೂ ಮಸಿಯೂ ಮೆತ್ತಿತ್ತು. ಚಕ್ರಕ್ಕೆ ಹಾಕುವ ಕೀಲೆಣ್ಣೆಗೆ ಇಲ್ಲೇನು ಕೆಲಸ ಎಂದುಕೊಂಡು ಹೆಬ್ಬೆರಳಿನಿಂದ ಒರೆಸಿದ. ಕೆಳಗೆ ಮರ ಸಪಾಟಾಗಿತ್ತು, ಅದರ ಮೇಲೆ ಗೀರು ಗೀರಾಗಿ ಸಾಲುಗಳು. ಮುರಿದು ಬಿದ್ದಿದ್ದ ಇನ್ನೊಂದು ತುಂಡನ್ನು ಎಳೆದುಕೊಂಡು ಅದರ ಮುಖವನ್ನೂ ಒರೆಸಿದ. ಅದು ನುಣ್ಣಗಿತ್ತು.

ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಾಗಿಸುವುದು ಎಲ್ಲ ಬಡಗಿಗಳ ಪದ್ಧತಿ. ಅವನ ಅಪ್ಪ ಮಾತ್ರ ಎಡಗಡೆಯ ಹಲ್ಲನ್ನು ಒಂದು ಕೂದಲೆಳೆ ಹೆಚ್ಚು ಬಾಗಿಸುತ್ತಿದ್ದ. ಹಸಿ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದು ಅವನ ನಂಬಿಕೆ. ಮಗನೂ ಅದನ್ನೇ ಮಾಡಿಕೊಂಡು ಬಂದಿದ್ದ. ಹಾಗಾಗಿ ಆ ಗರಗಸ ಕೊಯ್ದ ಮರದ ಒಂದು ಮುಖದಲ್ಲಿ ಗೀರು ಏಳುತ್ತಿತ್ತು, ಇನ್ನೊಂದು ಮುಖ ನುಣ್ಣಗಿರುತ್ತಿತ್ತು. ಈ ಕಸುಬು ಕಲಿತವನಾಗಿದ್ದರೆ ಯಾವನೂ ಕದ್ದು ಕೊಯ್ಯಲು ಆ ಗರಗಸ ಮುಟ್ಟುತ್ತಿರಲಿಲ್ಲ. ಮುಟ್ಟಿದವನು ಕಲಿಯದವನು.

ಬೆರಳು ಆ ಗೀರಿನ ಮೇಲಿದ್ದಾಗಲೇ ಅವನಿಗೆ ಮೇಲಿನಿಂದ ತಮ್ಮನ ದನಿ ಕೇಳಿಸಿತು. ಜನರಿಗೆ ಹೇಳುತ್ತಿದ್ದ. ಎಷ್ಟನೆಯ ಸಲವೋ, ಮಾತು ಆಗಲೇ ಹದಕ್ಕೆ ಬಂದಿತ್ತು.

“ಗಾಡಿ ಇಲ್ಲಿಗೆ ಬಂತು ನೋಡಿ, ಎತ್ತು ತಾವಾಗೇ ನಿಂತ್ಕೊಂಡ್ವು. ಹೋಯ್ ಅಂದೆ, ಬಾಲ ತಿರುವಿದೆ, ಊಹೂಂ. ಆಗ ಹಿಂದಿನಿಂದ ಒಂದು ದನಿ. ಮಗುವಿನ ದನಿ. ‘ಸಾಕು ಚಿಕ್ಕಪ್ಪಾ, ಇಲ್ಲೇ ಇಳ್ಸು’ ಅಂತು. ತಿರುಗಿ ನೋಡಿದ್ರೆ ಇವನೊಬ್ಬನೇ. ತುಟಿ ನೋಡಿ ಬೇಕಾದ್ರೆ, ಇನ್ನೂ ಮುಚ್ಚಿಲ್ಲ. ಮರುಗಳಿಗೆ ಅಚ್ಚು ಪಟಾರ್ ಅಂತು.”

ಆ ಮಾತು ಪುಟ್ಟಿಯದು. ತಮ್ಮ ಸಂತೆಗೆ ಹೊರಟಾಗಲೆಲ್ಲ ಅವಳು ಊರ ಹೊರಗಿನ ತಿರುವಿನವರೆಗೆ ಗಾಡಿಯಲ್ಲಿ ಹೋಗುವಳು. ಅಲ್ಲಿ ಆ ಮಾತನ್ನೇ, ಅಷ್ಟೇ ಗತ್ತಿನಿಂದ ಹೇಳಿ, ಇಳಿದು ಓಡಿಕೊಂಡು ಮನೆಗೆ ಬರುವಳು. ಅದು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ.

ಗಾಡಿಯ ಕೆಳಗಿನಿಂದ ಅವನಿಗೆ ಕಂಡದ್ದು ಬರೀ ಕಾಲುಗಳು. ಅವುಗಳ ನಡುವೆ ಹೆಂಡತಿಯ ಪಾದಗಳು ಓಡಿ ಬಂದವು, ತುದಿಗಾಲಲ್ಲಿ ನಿಂತವು, ಆಮೇಲೆ ಮೇಲೇರಿ ಕಾಣದಾದವು. ಅವಳು ಗಾಡಿ ಹತ್ತಿದ್ದಳು. “ಪುಟ್ಟೀ,” ಎಂದಳು. “ಇಲ್ಲೇ ಇದ್ದೀಯಾ? ಅಮ್ಮ ಬಂದೆ ಕಣೇ.” ಸುತ್ತ ನಿಂತಿದ್ದ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಕೆಳಗೆ ಮಲಗಿದ್ದವನು ಹೊರಗೆ ಬರಲಿಲ್ಲ.

ತಮ್ಮ ಸಿಕ್ಕಿದ್ದು ಛತ್ರದ ಹಿತ್ತಿಲಲ್ಲಿ. ಎತ್ತುಗಳ ಮೈ ತೊಳೆಯುತ್ತಿದ್ದ.

“ನನ್ನ ಗರಗಸ ಎಲ್ಲಿ?” ಎಂದ ಬಡಗಿ.

“ಚೀಲದಲ್ಲೇ ಇದೆ ಅಣ್ಣ.”

ಬಡಗಿ ಚೀಲ ಬಿಚ್ಚಿ ಗರಗಸ ತೆಗೆದ. “ಹಲ್ಲಿನ ಸಂದಿಯಲ್ಲೆಲ್ಲ ಕೀಲೆಣ್ಣೆ. ತಿಕ್ಕಿ ಇಡೋದಾದ್ರೂ ಗೊತ್ತಾಗ್ಲಿಲ್ವೇನೋ ನಿಂಗೆ?”

ತಮ್ಮನ ಕೈಯಲ್ಲಿದ್ದ ಹುಲ್ಲಿನ ಸಿಂಬೆ ಕೆಳಗೆ ಬಿತ್ತು. ಅಲ್ಲಿಯೇ ನೀರಿನ ತೊಟ್ಟಿಯ ಕಟ್ಟೆಗೆ ಕುಸಿದು ಕೂತ.

“ಯಾಕೋ?”

“ವಿಹಾರ ಇಲ್ಲಾದ್ರೆ ಅದರ ಪಕ್ಕದಲ್ಲೇ ಅಂಗಡಿ ಹಾಕಿಕೊಡ್ತೀನಿ ಅಂದ ಎಣ್ಣೆಯವನು. ನಾನೂ ಎಷ್ಟು ದಿನ ಎತ್ತಿನ ಬಾಲ ನೋಡ್ಕೊಂಡು ಇರ್ಲಿ, ಹೇಳು? ಅಪ್ಪನ ಕಸುಬು ನಿಂಗೆ, ಹೆಸರು ನಿಂಗೆ. ‘ಬಡಗಿ ತಮ್ಮ’ ಅಂತಾರೆ ನನ್ನ. ನಂಗೊಂದು ಹೆಸರೂ ಇಲ್ಲ.”

“ಉಳಿ ಹಿಡಿ ಬಾ ಅಂದಾಗೆಲ್ಲ ಸಂತೆಗೆ ಓಡಿದೋನು ನೀನು.”

“ಹೂಂ, ಓಡಿದೆ. ಒಂದ್ಸಲ ಕಿವಿ ಹಿಂಡಿ ಕೂರಿಸಬಹುದಿತ್ತು.”

ಬಡಗಿ ಅದನ್ನೂ ನುಂಗಿಕೊಂಡ. ಒಡಹುಟ್ಟಿದವನಲ್ಲವೇ, ಹೊಟ್ಟೆಗೆ ಹಾಕಿಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು. “ಅಂಗಡಿ ಬೇಕಿತ್ತು, ಅಚ್ಚು ಕೊಯ್ದೆ. ನನ್ನ ಮಾನ ಹೋಯ್ತು, ಹೋಗ್ಲಿ. ಪುಟ್ಟಿ ಮಾತು ಯಾಕೋ ತೆಗೆದೆ?”

ತಮ್ಮ ಮುಖ ಮುಚ್ಚಿಕೊಂಡ. “ಯೋಚನೆ ಮಾಡಿ ಹೇಳಿದ್ದಲ್ಲ ಅಣ್ಣ, ನಿನ್ನಾಣೆ. ಬೆಳಕು ಕಾಣಿಸ್ತು ಅಂತ ಹೇಳು ಅಂತ ಎಣ್ಣೆಯವನು ಹೇಳಿಕೊಟ್ಟಿದ್ದ. ಅಚ್ಚು ಮುರೀತು, ಜನ ಸುತ್ತಿಕೊಂಡ್ರು, ಏನಾಯ್ತು ಏನಾಯ್ತು ಅಂದ್ರು. ಬಾಯಿ ತೆಗೆದೆ. ಬೆಳಕು ಬರಲಿಲ್ಲ, ಅವಳು ಬಂದ್ಲು.”

ಬಡಗಿಗೆ ಅವನನ್ನು ಆ ತೊಟ್ಟಿಯಲ್ಲೇ ಮುಳುಗಿಸಿಬಿಡುವಷ್ಟು ಸಿಟ್ಟು ಬಂತು. ಅದರ ಜೊತೆಗೇ ಅಳುವೂ ಬಂತು. ಮನೆಯ ಅನ್ನ ಉಂಡವನು ಮನೆಯ ಸತ್ತ ಮಗುವಿನ ಬಾಯಿಯನ್ನೇ ಕದ್ದು ಮಾರಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ತಾನೆ? “ನಾಳೆ ಹಿರಿಯ ಭಿಕ್ಷುಗಳು ಬರ್ತಾರೆ, ಬುದ್ಧ ಎಲ್ಲಿರಬೇಕು ಅಂತ ಹೇಳೋಕೆ,” ಎಂದ. “ಎಲ್ಲ ಹೇಳ್ತೀನಿ.”

ತಮ್ಮ ಬೆರಳ ಸಂದಿಯಿಂದ ನೋಡಿದ. “ಹೇಳು. ಆದ್ರೆ ಮೊದಲು ಅತ್ತಿಗೆಗೆ ಹೇಳು.”

ಛತ್ರದಲ್ಲಿ ಅವರಿಗೊಂದು ಸಣ್ಣ ಕೋಣೆ ಕೊಟ್ಟಿದ್ದರು. ಬಡಗಿ ಬಂದಾಗ ಹೆಂಡತಿ ಊಟಕ್ಕೆ ಕೂತಿದ್ದಳು. ಕೂತಿದ್ದಳು ಎಂದರೆ ನಿಜವಾಗಿ ಉಣ್ಣುತ್ತಿದ್ದಳು. ಅನ್ನ ಕಲೆಸಿ ದೊಡ್ಡ ದೊಡ್ಡ ತುತ್ತು ಮಾಡಿ ಉಂಡು, ಇನ್ನೊಂದು ಸಲ ಬಡಿಸಿಕೊಂಡಳು. ಆ ಬೇಸಿಗೆಯ ನಂತರ ಅವನು ಇಂಥದ್ದನ್ನು ಕಂಡಿರಲಿಲ್ಲ.

“ಬನ್ನಿ, ಕೂತ್ಕೊಳ್ಳಿ. ಎಲ್ಲಿ ಹೋಗಿದ್ರಿ? ಕೇಳಿದ್ರಾ ಅವಳು ಹೇಳಿದ್ದು?”

“ಕೇಳಿದೆ.”

“ನೋಡಿ, ಆ ಏರು ಅಂದ್ರೆ ಅವಳಿಗೆ ಮೊದಲಿಂದಲೂ ಆಗ್ತಿರಲಿಲ್ಲ. ಅರ್ಧ ದಾರಿಗೇ ಎತ್ತಿಕೋ ಅಂತಿದ್ಲು. ಅದಕ್ಕೇ ಇಲ್ಲೇ ಸಾಕು ಅಂದಿದ್ದಾಳೆ, ಕಳ್ಳಿ.” ಅವಳು ನಕ್ಕಳು. “ನಮ್ಮೂರಿಗೆ ಬರದಿದ್ರೆ ಬೇಡ ಬಿಡಿ. ವಾರಕ್ಕೊಂದು ಸಲ ನಾನೇ ಇಳಿದು ಬರ್ತೀನಿ. ಅವಳು ಮಾತಾಡಿದ್ಲಲ್ಲ. ನಂಗಷ್ಟು ಸಾಕು.”

ಅವನು ಬಾಯಿ ತೆರೆದ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ಇನ್ನೊಂದು ಚೂರು ಅನ್ನ ಹಾಕ್ಕೋ,” ಎಂದ.

ಮರುದಿನ ಬೆಳಿಗ್ಗೆ ಹಿರಿಯ ಭಿಕ್ಷುಗಳು ಬಂದು ಛತ್ರದ ಜಗಲಿಯ ಮೇಲೆ ಕೂತರು. ವಯಸ್ಸಾದವರು, ವಿಗ್ರಹವನ್ನು ಊರು ಮುಟ್ಟಿಸಲೆಂದು ಪಟ್ಟಣದಿಂದ ಗಾಡಿಯ ಹಿಂದೆಯೇ ನಡೆದು ಹೊರಟಿದ್ದರು. ಒಂದು ಕಡೆ ಪೇಟೆ, ಇನ್ನೊಂದು ಕಡೆ ಮೇಲಿನ ಊರು. ಅಷ್ಟರಲ್ಲಿ ಪೇಟೆಯವರು ಸುಮ್ಮನೆ ಕೂತಿರಲಿಲ್ಲ. ಪವಿತ್ರ ವಸ್ತು ಎಂದು ಅಚ್ಚಿನ ತುಂಡುಗಳಿಗೆ ಅಕ್ಕಸಾಲಿಗನಿಂದ ಚಿನ್ನದ ರೇಕು ಹಚ್ಚಿಸಿಬಿಟ್ಟಿದ್ದರು. ಮುರಿದ ಮುಖಕ್ಕೇ ಎಲ್ಲಕ್ಕಿಂತ ದಪ್ಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಪೇಟೆಯವರು ಯಾರೂ ಹೇಳುವ ಮೊದಲೇ ಮುಟ್ಟಿಕೊಂಡಿದ್ದರು.

ಯಜಮಾನ ಬಡಗಿಯನ್ನು ಪಕ್ಕಕ್ಕೆ ಕರೆದ. “ಎಣ್ಣೆಯವನ ಊಟ ನಂಗೆ ಇನ್ನೂ ಅರಗಿಲ್ಲ. ಇದರಲ್ಲಿ ಏನೋ ಇದೆ. ನೀನು ಚಿನ್ನ ಹಚ್ಚೋಕೆ ಮುಂಚೆ ನೋಡಿದ್ದೀಯ. ಬೇರೆ ಏನೂ ಬೇಡ, ಕಂಡಿದ್ದು ಕಂಡ ಹಾಗೆ ಹೇಳು. ನಮ್ಮ ಊರಿನ ಪಾತ್ರೆ ಪಗಡವೆಲ್ಲ ಅಲ್ಲಿ ಕೂತಿದೆ ಕಣಪ್ಪ.”

ಚಿನ್ನ ಕೆರೆದು ನೋಡಿ ಎಂದು ಯಜಮಾನ ಕೇಳಿದ್ದೇ ತಡ, ಪೇಟೆಯವರು ಮೈಮೇಲೆ ಬಂದವರಂತೆ ಕೂಗಾಡಿದರು. ಭಿಕ್ಷುಗಳು ಕೈ ಎತ್ತಿದರು.

“ಕೆರೆಯುವುದು ಬೇಡ. ಮಾಡಿದವನೇ ಇದ್ದಾನಲ್ಲ. ಬಾರಪ್ಪ ಬಡಗಿ. ಇದು ನಿನ್ನ ಅಚ್ಚೇ?”

“ಹೌದು ಭಂತೆ.”

“ಮುರಿದ ಮೇಲೆ ನೋಡಿದೆಯಾ?”

“ನೋಡಿದೆ.”

“ಸುಳ್ಳು ಹೇಳಬಾರದೆಂದು ನಾನೇನೂ ನಿನಗೆ ಕಲಿಸಬೇಕಾಗಿಲ್ಲ. ಅದರಲ್ಲಿ ಕೊಯ್ದ ಗುರುತು ಇತ್ತೇ?”

ತಮ್ಮ ಕಣ್ಣು ಮುಚ್ಚಿ ನಿಂತಿದ್ದ. ಬಡಗಿ ಹೆಂಡತಿಯ ಕಡೆ ನೋಡಿದ. ಅವಳು ಗಾಡಿಯ ಮೇಲೆ ಬುದ್ಧನ ಮಂಡಿಗೆ ಒರಗಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು, ಮುಖದಲ್ಲಿ ರಕ್ತ ಓಡಾಡಿತ್ತು. ಅವಳ ಕಣ್ಣು ನೇರವಾಗಿ ಅವನ ಕಣ್ಣಿಗೆ ಸಿಕ್ಕಿತು.

“ಇರಲಿಲ್ಲ ಭಂತೆ,” ಎಂದ.

“ಹಾಗಾದರೆ ಮುರಿದದ್ದು ಹೇಗೆ?”

“ಗೊತ್ತಿಲ್ಲ. ಮುರಿಯೋ ಮರ ಅಲ್ಲ ಅದು.”

ಪೇಟೆ ಹೋ ಎಂದು ಕೂಗಿತು. ಯಾರೋ ಅವನ ಕೊರಳಿಗೆ ಹಾರ ಹಾಕಿದರು. ಎಣ್ಣೆ ವರ್ತಕ ಅವನನ್ನು ತಬ್ಬಿಕೊಂಡ, ಹಿಂದಿನ ಜನ್ಮದ ನೆಂಟನೋ ಎಂಬಂತೆ. ತಮ್ಮ ಓಡಿ ಬಂದು ಕಾಲಿಗೆ ಬಿದ್ದು ಅತ್ತ. ಯಜಮಾನ ಬೈಯಲಿಲ್ಲ. ಹೆಗಲ ಮೇಲಿನ ಟವೆಲು ಕೊಡವಿ, “ಸರಿ ಬಿಡಪ್ಪ, ನೀನು ಹೇಳಿದ ಮೇಲೆ ಆಯ್ತು,” ಎಂದಷ್ಟೇ ಹೇಳಿ ಊರಿನವರನ್ನು ಕರೆದುಕೊಂಡು ಹೊರಟ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಡಗಿಗೆ ಅನ್ನಿಸಿತು. ಊರಿಗೆ ಊರೇ ತನ್ನ ಮೇಲೆ ಇಟ್ಟಿದ್ದ ನಂಬಿಕೆಯನ್ನು ತಾನು ಮುರಿದಿದ್ದೇನೆಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಸಮಾಧಾನವಿತ್ತು: ಇವಳಿಗೆ ಮಗಳು ಉಳಿದಳು.

ಹೆಂಡತಿ ಗಾಡಿಯಿಂದ ಇಳಿದು ಹೊರಟಳು, ಬಡಗಿ ಅವಳ ಹಿಂದೆ ಹೊರಟ. ಪೇಟೆಯ ಕೊನೆಯ ಮನೆ ದಾಟಿದ ಮೇಲೆ ದಾರಿಬದಿಯ ಬಂಡೆಯ ಮೇಲೆ ಕೂತಳು.

“ಗುರುತು ಇತ್ತು, ಅಲ್ವಾ?” ಎಂದಳು.

ಅವನು ಕೊರಳಲ್ಲಿದ್ದ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಮರದ ವಿಷಯ ಕೇಳಿದ್ರೆ ನೀವು ಮರ ನೋಡ್ಕೊಂಡು ಉತ್ತರ ಹೇಳೋರು. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಒಂದು ದಿನ ನನ್ನ ಮುಖ ನೋಡಿ ಹೇಳಿದವರಲ್ಲ. ಇವತ್ತು ಅಚ್ಚು ಎದುರಿಗೇ ಇತ್ತು, ಅದರ ಕಡೆ ತಿರುಗಲೂ ಇಲ್ಲ. ನನ್ನ ನೋಡಿದ್ರಿ.” ಅವಳ ದನಿಯಲ್ಲಿ ಅಳು ಇರಲಿಲ್ಲ, ಅದೇ ಅವನನ್ನು ಹೆದರಿಸಿತು. “ನೀವು ನೋಡೋ ತನಕ ನಾನು ನಂಬಿದ್ದೆ.”

“ನಿನಗೋಸ್ಕರ ಕಣೇ. ನೀನು ಊಟ ಮಾಡಿದೆ, ನಕ್ಕೆ...”

“ನಂಗೋಸ್ಕರ ಅನ್ನಬೇಡಿ. ನಿನ್ನೆ ಗಾಡಿ ಕೆಳಗಿಂದ ಎದ್ದು ಬಂದು ನಿಜ ಹೇಳಿದ್ರೆ ಅಳ್ತಿದ್ದೆ. ನಿಮ್ಮ ತಮ್ಮನ ಕೆನ್ನೆಗೆ ಬಾರಿಸ್ತಿದ್ದೆ. ಆಮೇಲೆ ನನ್ನ ಮಗಳನ್ನ ಮನೆಗೆ ಕರ್ಕೊಂಡು ಹೋಗ್ತಿದ್ದೆ. ಅವಳ ಬಟ್ಟಲು ಆ ಬುದ್ಧನೊಳಗೆ ಹೋಯ್ತು, ಅವಳ ಮಾತು ನಿಮ್ಮ ತಮ್ಮನ ಬಾಯಿಗೆ ಹೋಯ್ತು. ಅವನು ಕದ್ದ, ಸರಿ, ಕಳ್ಳ. ನೀವು ಅವಳ ಅಪ್ಪ. ಆ ಕದ್ದ ಮಾಲು ಅವನದೇ ಅಂತ ಊರೆದುರು ನಿಂತು ಸಾಕ್ಷಿ ಹೇಳಿದ್ರಿ.”

ಬಡಗಿ ಹಿಂದಕ್ಕೆ ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಆಗಲೇ ಕಂಬ ನಿಲ್ಲಿಸಿ ಚಪ್ಪರ ಕಟ್ಟುತ್ತಿದ್ದರು. ಹಿರಿಯ ಭಿಕ್ಷುಗಳು ಹೊರಟು ಹೋಗಿದ್ದರು. ಅವನು ಜಗಲಿ ಹತ್ತಿ ಕೂಗಿದ. “ಸುಳ್ಳು ಹೇಳಿದೆ. ಕೊಯ್ದಿದೆ ಅದನ್ನ. ನನ್ನ ಗರಗಸದಲ್ಲೇ ಕೊಯ್ದಿದ್ದು. ಯಾವ ಮಗುವೂ ಮಾತಾಡಿಲ್ಲ, ನನ್ನ ಮಗಳು ಸತ್ತುಹೋಗಿದ್ದಾಳೆ!” ಬದುಕಿಡೀ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಬಂದಿತ್ತು.

ಜನ ಕೆಲಸ ನಿಲ್ಲಿಸಿ ನೋಡಿದರು. “ಊರಿನವರು ದಾರೀಲಿ ಹಿಡ್ಕೊಂಡು ಬೈದಿರಬೇಕು, ಪಾಪ,” ಎಂದರು ಯಾರೋ. ತಮ್ಮ ಗುಂಪಿನಿಂದ ಹೊರಗೆ ಬಂದ. ಅಣ್ಣನ ಭುಜ ಹಿಡಿದು ಮೆಲ್ಲಗೆ ಕೂರಿಸಿದ, ಲೋಟದಲ್ಲಿ ನೀರು ತರಿಸಿ ಕುಡಿಸಿದ. ಆಮೇಲೆ ಜನರ ಕಡೆ ತಿರುಗಿ ಕೈಮುಗಿದ.

“ಮನಸ್ಸಿಗೆ ಹಚ್ಚಿಕೋಬೇಡಿ. ಮಗು ಹೋದಾಗಿನಿಂದ ಅಣ್ಣನಿಗೆ ಒಂದೊಂದು ಸಲ ಹೀಗೇ.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಣ್ಣೆ ವರ್ತಕ ಚಪ್ಪರದವರಿಗೆ, ನಡೀರಿ, ಕೆಲಸ ನೋಡಿ ಎಂದ.

ಬಡಗಿ ವಾಪಸು ಬಂದಾಗ ಹೆಂಡತಿ ಇನ್ನೂ ಬಂಡೆಯ ಮೇಲೆಯೇ ಇದ್ದಳು. ಬಿಸಿಲು ನೆತ್ತಿಗೇರಿತ್ತು.

“ಹೇಳಿದ್ರಾ?”

“ಹೇಳಿದೆ. ನಂಬಲಿಲ್ಲ.”

“ಬೆಳಿಗ್ಗೆ ನಂಬಿದ್ರು,” ಎಂದು ಎದ್ದಳು.

ಅವಳು ಮುಂದೆ, ಅವನು ಹಿಂದೆ ಏರು ಹತ್ತಿದರು. ಆಮೇಲೂ ಬಹಳ ಕಾಲ ಅದೇ ಮನೆಯಲ್ಲಿ ಬಾಳಿದರು. ಅವಳು ಬೇಯಿಸಿ ಬಡಿಸಿದಳು, ಕಾಯಿಲೆಯಾದಾಗ ನೋಡಿಕೊಂಡಳು, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮಗಳ ಹೆಸರನ್ನು ಮಾತ್ರ ಅವನ ಎದುರಿಗೆ ಮತ್ತೆ ಎತ್ತಲಿಲ್ಲ.